ಎರಡು ಹಸಿರು ಗೆರೆಗಳು: ಚಾಕಣದ ಕಾರ್ಖಾನೆಯೊಂದರ ನೆಟ್‌ವರ್ಕ್ ನಕ್ಷೆಯನ್ನು ಮತ್ತೆ ಜೋಡಿಸಿದ ಪ್ರಕರಣ

ಪುಣೆ–ನಾಶಿಕ್ ಹೆದ್ದಾರಿಗೆ ಹತ್ತಿಕೊಂಡಿರುವ ಚಾಕಣ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನಮ್ಮ ತಂಡದ್ದು. ರಸ್ತೆಯ ಆಚೆ ಈಚೆ ಎರಡು ಘಟಕಗಳು, ಸ್ವಲ್ಪ ದೂರದಲ್ಲಿ ಬಾಡಿಗೆಯ ಒಂದು ಗೋದಾಮು, ಎಲ್ಲ ಸೇರಿ 140ರಷ್ಟು ಸ್ವಿಚ್‌ಗಳು, ಅಂದರೆ ಹಲವು ಸಾಧನಗಳನ್ನು ಕೇಬಲ್ ಮೂಲಕ ಜಾಲಕ್ಕೆ ಕೂಡಿಸುವ ಪೆಟ್ಟಿಗೆಗಳು. ಅವುಗಳ ಹಿಂದೆ ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಪ್ರಿಂಟರ್, ಹಾಜರಾತಿ ಯಂತ್ರ, ಬಾರ್‌ಕೋಡ್ ಓದುವ ಟರ್ಮಿನಲ್, ಉತ್ಪಾದನಾ ಯಂತ್ರಗಳನ್ನು ಜಾಲಕ್ಕೆ ಕೂಡಿಸುವ ಗೇಟ್‌ವೇಗಳಿವೆ. ಮೇಲ್ವಿಚಾರಣೆಗೆ ಝ್ಯಾಬಿಕ್ಸ್ ತಂತ್ರಾಂಶ ಬಳಸುತ್ತೇವೆ. ಅದರ ನಕ್ಷೆ ಸಾಧನಗಳನ್ನು ಚಿಹ್ನೆಗಳಾಗಿ, ನಡುವಣ ಸಂಪರ್ಕಗಳನ್ನು ಗೆರೆಗಳಾಗಿ ಪರದೆಯ ಮೇಲೆ ತೋರಿಸುತ್ತದೆ: ಹಸಿರೆಂದರೆ ಸರಿಯಿದೆ, ಕೆಂಪೆಂದರೆ ಕೆಟ್ಟಿದೆ. ತಂಡದಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಭೋಸರಿ, ಚಿಂಚವಡದಲ್ಲಿ ನೆಲೆಸಿದವರಾದ್ದರಿಂದ ಪಾಳಿಯ ಮಾತುಕತೆಯೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಬರೆದಿಡುವ ದಾಖಲೆ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಈ ಪ್ರಕರಣವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆ ರಾತ್ರಿ ನಕ್ಷೆ ಹೇಳಿದ್ದು

ಜುಲೈ ತಿಂಗಳ ಒಂದು ಮಳೆಯ ರಾತ್ರಿ 1 ಗಂಟೆ 50 ನಿಮಿಷಕ್ಕೆ ಎರಡನೆಯ ಘಟಕದ ಪೇಂಟ್ ಶಾಪ್‌ಗೂ ಮುಖ್ಯ ಕಟ್ಟಡಕ್ಕೂ ನಡುವಣ ಸಂಪರ್ಕ ಕಡಿಯಿತು. ಬಾರ್‌ಕೋಡ್ ದಾಖಲಾಗದೆ ಬಣ್ಣ ಹಚ್ಚಿದ ಭಾಗಗಳನ್ನು ಮುಂದಿನ ವಿಭಾಗಕ್ಕೆ ಕಳಿಸುವಂತಿಲ್ಲವಾದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಅಲ್ಲಿನ ಕೆಲಸ ನಿಂತಿತು. ಪಾಳಿಯಲ್ಲಿದ್ದವನು ಇಂಡಿ ಕಡೆಯ ತರುಣ. ಕೆಲಸದಲ್ಲಿ ಚುರುಕು, ಗಾಬರಿಯಾಗುವ ಸ್ವಭಾವದವನಲ್ಲ. ಅವನು ನನಗೆ ಫೋನ್ ಮಾಡಿದ್ದು 2 ಗಂಟೆ 35ಕ್ಕೆ.

"ಸರ್, ಐದು ಕಡೆ ಪ್ರಾಬ್ಲಮ್ ಆಗ್ಯಾವ್ರಿ. ಕ್ಯಾಮೆರಾದ್ದು ಬ್ಯಾರೆ, ವೈಫೈದ್ದು ಬ್ಯಾರೆ, ಹಾಜರಿ ಮಷೀನ್ ಬ್ಯಾರೆ. ಪೇಂಟ್ ಶಾಪ್ ಲಿಂಕ್ ನೋಡಿದ್ರ ಎರಡೂ ಹಸರ ಅದಾವ್ರಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪರದೆಯ ಮೇಲೆ ಕಾಣುತ್ತಿದ್ದದ್ದೇ ಅದು. ಆಗ ನಮ್ಮಲ್ಲಿದ್ದದ್ದು ಒಂದೇ ದೊಡ್ಡ ನಕ್ಷೆ. ಸ್ವಿಚ್‌ಗಳೆಲ್ಲ ನಡುವಿನಲ್ಲಿ, ಕ್ಯಾಮೆರಾಗಳು ಎಡಗಡೆಯ ಮೇಲ್ಮೂಲೆಯಲ್ಲಿ, ಆಕ್ಸೆಸ್ ಪಾಯಿಂಟ್‌ಗಳು ಬಲಗಡೆ, ಪ್ರಿಂಟರ್ ಮತ್ತು ಹಾಜರಾತಿ ಯಂತ್ರಗಳು ಕೆಳಗಿನ ಸಾಲಿನಲ್ಲಿ. ಪೇಂಟ್ ಶಾಪ್ ಕತ್ತರಿಸಿ ಹೋದಾಗ ಅಲ್ಲಿನ 31 ಸಾಧನಗಳು ಕೆಂಪಾದವು, ಆದರೆ ಆ 31 ಚಿಹ್ನೆಗಳು ನಕ್ಷೆಯ ಐದು ಮೂಲೆಗಳಲ್ಲಿ ಚದುರಿಹೋಗಿದ್ದವು. ಒಂದೇ ಜಾಗದಲ್ಲಿ ಬಿದ್ದ ಏಟು ಐದು ಬೇರೆ ಬೇರೆ ಕಾಯಿಲೆಗಳಂತೆ ಕಂಡಿತು. ಕ್ಯಾಮೆರಾ ಸರ್ವರ್‌ನಲ್ಲೇ ದೋಷವಿರಬೇಕೆಂದು ಅದನ್ನು ಒಮ್ಮೆ ಮರುಚಾಲನೆ ಮಾಡಿದ್ದಾಯಿತು. ವೈಫೈ ಕಂಟ್ರೋಲರ್ ಪರೀಕ್ಷಿಸಲು ಒಬ್ಬನನ್ನು ಮೊದಲನೆಯ ಘಟಕಕ್ಕೆ ಅಟ್ಟಿದ್ದೂ ಆಯಿತು. ಐದು ದೂರುಗಳು ಐದು ಸಂಖ್ಯೆಗಳಲ್ಲಿ ದಾಖಲಾದವು.

ನಾನು ಪೇಂಟ್ ಶಾಪ್ ತಲುಪಿದ್ದು 4 ಗಂಟೆಯ ನಂತರ. ಗೋಡೆಗೆ ಹಾಕಿದ ಚಿಕ್ಕ ರ‍್ಯಾಕ್‌ನ ಬಾಗಿಲು ತೆರೆದಾಗ ಸ್ವಿಚ್‌ನ ಪಕ್ಕದಲ್ಲಿ, ಬಣ್ಣದ ನವಿರು ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿದ್ದ, ಅಂಗೈಯಗಲದ ಒಂದು ಮೀಡಿಯಾ ಕನ್ವರ್ಟರ್ ಕಂಡಿತು. ಅಲ್ಲಿನ ಹಳೆಯ ಸ್ವಿಚ್‌ಗೆ ಫೈಬರ್ (ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆ) ನೇರವಾಗಿ ಸಿಕ್ಕಿಸುವ ಕಿಂಡಿಯಿರಲಿಲ್ಲ. ಹಾಗಾಗಿ ಫೈಬರನ್ನು ತಾಮ್ರದ ತಂತಿಗೆ ತಿರುಗಿಸುವ ಆ ಪೆಟ್ಟಿಗೆಯನ್ನು ಯಾರೋ ಎಂದೋ ಇಟ್ಟಿದ್ದರು. ಮುಖ್ಯ ಕಟ್ಟಡದ ತುದಿಯಲ್ಲಿ ಅದರ ಜೋಡಿ ಕೂತಿತ್ತು. ಬೆರಳಿನಿಂದ ಧೂಳು ಒರೆಸಿ ನೋಡಿದೆ. ತಾಮ್ರದ ಕಡೆಯ ದೀಪ ಹಸಿರಾಗಿ ಉರಿಯುತ್ತಿತ್ತು, ಫೈಬರ್ ಕಡೆಯ ದೀಪ ಆರಿತ್ತು. ಹೊರಗೆ, ರಸ್ತೆಬದಿಯಲ್ಲಿ ಹಗಲು ತೋಡಿದ ಚರಂಡಿಯ ಅಂಚು ಮಳೆಗೆ ಕುಸಿದು ಫೈಬರ್ ತುಂಡಾಗಿತ್ತು.

ಹಸಿರು ಏಕೆ ಹಸಿರಾಗಿತ್ತು

ಈ ಪ್ರಕರಣದ ತಿರುಳಿರುವುದು ಆ ಎರಡು ಹಸಿರು ಗೆರೆಗಳಲ್ಲಿ. ಎರಡೂ ಸುಳ್ಳು ಹೇಳಿದವು, ಆದರೆ ಒಂದೊಂದೂ ಒಂದೊಂದು ಬಗೆಯ ಸುಳ್ಳು.

ಮೊದಲನೆಯ ಗೆರೆ, ಅಂದರೆ ಮುಖ್ಯ ಸಂಪರ್ಕದ ಗೆರೆ, ಮುಖ್ಯ ಕಟ್ಟಡದ ಸ್ವಿಚ್‌ನ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಸ್ಥಿತಿಗೆ ಕಟ್ಟಲ್ಪಟ್ಟಿತ್ತು. ಸಾಧನಗಳ ಸ್ಥಿತಿಯನ್ನು ದೂರದಿಂದಲೇ ವಿಚಾರಿಸುವ ಎಸ್‌ಎನ್‌ಎಂಪಿ ಎಂಬ ವಿಧಾನದ ಮೂಲಕ ಕೇಳಿದಾಗ ಪೋರ್ಟ್ ತನ್ನ ಕಾರ್ಯಸ್ಥಿತಿಯನ್ನು ಒಂದು ಅಂಕಿಯಲ್ಲಿ ಹೇಳುತ್ತದೆ: 1 ಎಂದರೆ ಎದ್ದಿದೆ, 2 ಎಂದರೆ ಬಿದ್ದಿದೆ. ಆ ರಾತ್ರಿಯಿಡೀ ಅದು 1 ಎಂದೇ ಹೇಳುತ್ತಿತ್ತು, ಏಕೆಂದರೆ ಆ ಪೋರ್ಟ್‌ನ ಮಟ್ಟಿಗೆ ಎದುರಿಗಿದ್ದದ್ದು ಪೇಂಟ್ ಶಾಪ್ ಅಲ್ಲ, ಅದೇ ರ‍್ಯಾಕ್‌ನಲ್ಲಿ ಒಂದು ಮಾರು ದೂರದಲ್ಲಿದ್ದ ಕನ್ವರ್ಟರ್. ಅದು ಕ್ಷೇಮವಾಗಿಯೇ ಇತ್ತು. ಇಂತಹ ಅನೇಕ ಕನ್ವರ್ಟರ್‌ಗಳಲ್ಲಿ ಒಂದು ಕಡೆಯ ಲಿಂಕ್ ಬಿದ್ದರೆ ಇನ್ನೊಂದು ಕಡೆಯನ್ನೂ ಬೀಳಿಸಿ ದೋಷವನ್ನು ದಾಟಿಸುವ ಸೌಲಭ್ಯವಿರುತ್ತದೆ, ಅದಕ್ಕೆ ಬದಿಯಲ್ಲಿ ಡಿಪ್ ಸ್ವಿಚ್ ಎಂಬ, ಆನ್-ಆಫ್ ಮಾಡುವ ಚಿಕ್ಕದೊಂದು ಗುಂಡಿ ಇರುತ್ತದೆ. ನಮ್ಮ ಜೋಡಿಯಲ್ಲಿ ಅದು ಎರಡೂ ತುದಿಗಳಲ್ಲಿ ಆಫ್ ಆಗಿತ್ತು.

ಎರಡನೆಯ ಗೆರೆ ಬದಲಿ ಸಂಪರ್ಕದ್ದು. ಮುಖ್ಯ ದಾರಿ ಕೆಟ್ಟರೆ ಹಳೆಯ ಕ್ಯಾಂಟೀನ್ ಕಟ್ಟಡದ ಮೂಲಕ ಹೋಗಬೇಕಾದ ದಾರಿ ಅದು. ಆ ಕಟ್ಟಡವನ್ನು ಹಿಂದಿನ ವರ್ಷವೇ ಕೆಡವಿದ್ದರು, ಕೇಬಲ್ ತೆಗೆಸುವಾಗ ಮುಂದೆ ನಿಂತಿದ್ದವನು ನಾನೇ. ಗೆರೆಯನ್ನು ನಕ್ಷೆಯಿಂದ ಅಳಿಸಲು ಯಾರಿಗೂ ನೆನಪಾಗಲಿಲ್ಲ. ನಾವು ಬಳಸುವ ಝ್ಯಾಬಿಕ್ಸ್ ಆವೃತ್ತಿಯಲ್ಲಿ ಎರಡು ಚಿಹ್ನೆಗಳ ನಡುವೆ ಎಳೆದ ಗೆರೆಗೆ ಯಾವುದಾದರೂ ಟ್ರಿಗ್ಗರ್ (ಅಳತೆ ಕೆಟ್ಟಾಗ ಎಚ್ಚರಿಸುವ ಷರತ್ತು) ಜೋಡಿಸಿದರೆ ಮಾತ್ರ ಅದರ ಬಣ್ಣ ಬದಲಾಗುತ್ತದೆ. ಜೋಡಿಸದಿದ್ದರೆ ಎಳೆದ ದಿನದ ಬಣ್ಣವೇ ಶಾಶ್ವತ. ಈ ಗೆರೆಗೆ ಏನನ್ನೂ ಜೋಡಿಸಿರಲಿಲ್ಲ, ಮೂಲ ಬಣ್ಣ ಹಸಿರಾಗಿತ್ತು. ಇಲ್ಲದ ದಾರಿಯೊಂದು ಆರೋಗ್ಯವಾಗಿದೆಯೆಂದು ಪರದೆ ಒಂದು ವರ್ಷದಿಂದ ಹೇಳುತ್ತಲೇ ಇತ್ತು, ಮತ್ತು ಆ ಹುಡುಗ ಅದನ್ನು ನಂಬಿದ. ನಂಬಬಾರದಿತ್ತು ಎಂದು ನಾನು ಹೇಳಲಾರೆ. ನಂಬುವುದಕ್ಕಾಗಿಯೇ ನಕ್ಷೆಯನ್ನು ಪರದೆಯ ಮೇಲೆ ಹಾಕಿರುತ್ತೇವೆ.

ನಕ್ಷೆ ಈ ಸ್ಥಿತಿಗೆ ಬಂದದ್ದರ ಹಿಂದೆ ಯಾರೊಬ್ಬರ ಅಲಕ್ಷ್ಯವೂ ಇರಲಿಲ್ಲ. ಮೊದಲು ಅದನ್ನು ಕಟ್ಟಿದವರು ಐಪಿ ವಿಳಾಸಗಳ ಗುಂಪಿನಂತೆ ಜೋಡಿಸಿದ್ದರು, ಅವರ ನಂತರ ಬಂದವರು ಕಟ್ಟಡಗಳಂತೆ, ಮೂರನೆಯವರು ಸಾಧನದ ಬಗೆಯಂತೆ. ಪ್ರತಿಯೊಬ್ಬರೂ ಹಿಂದಿನವರ ಕೆಲಸವನ್ನು ಅರ್ಧ ಬದಲಿಸಿ ಅರ್ಧ ಉಳಿಸಿದ್ದರು.

ಯಂತ್ರಕ್ಕೆ ಒಪ್ಪಿಸಿದ ಮೊದಲ ಪ್ರಯತ್ನ

ಮರುವಾರ ನನಗೆ ಹೊಳೆದ ಪರಿಹಾರ, ಕೈಯಿಂದ ಬರೆಯುವುದನ್ನೇ ಬಿಟ್ಟು ಸ್ವಿಚ್‌ಗಳನ್ನೇ ಕೇಳಿ ನಕ್ಷೆ ಬರೆಸುವುದು. 2005ರಲ್ಲಿ ಐಇಇಇ ಸಂಸ್ಥೆಯ 802.1ಎಬಿ ಎಂಬ ಮಾನದಂಡವಾಗಿ ಬಂದ ಎಲ್‌ಎಲ್‌ಡಿಪಿ ಇದಕ್ಕೆಂದೇ ಇರುವ ವ್ಯವಸ್ಥೆ. ಪ್ರತಿಯೊಂದು ಸ್ವಿಚ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಹೆಸರು ಮತ್ತು ಪೋರ್ಟನ್ನು ನೆರೆಯ ಸಾಧನಕ್ಕೆ ಸಾರುತ್ತದೆ. ಕೇಳಿಸಿಕೊಂಡ ನೆರೆಯದು 120 ಸೆಕೆಂಡುಗಳವರೆಗೆ ಅದನ್ನು ನೆನಪಿಟ್ಟುಕೊಂಡು, ಮತ್ತೆ ಸದ್ದು ಬರದಿದ್ದರೆ ಮರೆತುಬಿಡುತ್ತದೆ. ಆ ನೆನಪಿನ ಪಟ್ಟಿಯನ್ನು ಎಸ್‌ಎನ್‌ಎಂಪಿಯಲ್ಲಿ 1.0.8802.1.1.2 ಎಂಬ ಶಾಖೆಯ ಕೆಳಗೆ ಓದಬಹುದು. ಎಲ್ಲ ಸ್ವಿಚ್‌ಗಳ ಪಟ್ಟಿಗಳನ್ನು ಕೂಡಿಸಿ, ಝ್ಯಾಬಿಕ್ಸ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ಅದರೊಂದಿಗೆ ವ್ಯವಹರಿಸುವ ದಾರಿ) ಮೂಲಕ ಪ್ರತಿ ರಾತ್ರಿ ನಕ್ಷೆಯನ್ನು ಹೊಸದಾಗಿ ಬರೆಯುವ ಒಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ತಯಾರಿಸಿದೆವು.

ಅದು ಹದಿನೈದು ದಿನ ಬಾಳಿತು. ನಿಜಾಂಶದಲ್ಲಿ ಆ ನಕ್ಷೆ ಹಳೆಯದಕ್ಕಿಂತ ಎಷ್ಟೋ ಸರಿಯಾಗಿತ್ತು, ಆದರೆ ಯಾರೂ ಅದನ್ನು ನೋಡಲು ಒಪ್ಪಲಿಲ್ಲ. ಒಂದು ಸ್ವಿಚ್ ಸೇರಿದರೂ ಲೆಕ್ಕಾಚಾರ ಬದಲಾಗಿ ಎಲ್ಲ ಚಿಹ್ನೆಗಳೂ ಜಾಗ ಬದಲಿಸುತ್ತಿದ್ದವು. ಕಲಬುರಗಿಯ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಬೆಳಿಗ್ಗೆ ಪರದೆಯ ಮುಂದೆ ನಿಂತು, "ನಿನ್ನಿ ಮಟ ಪ್ರೆಸ್ ಶಾಪ್ ಇಲ್ಲೇ ಇತ್ತಲ್ರಿ, ಎಲ್ಲಿ ಹೋತು?" ಎಂದು ಕೇಳಿದರು. ಆ ಪ್ರಶ್ನೆಯಿಂದ ನಾನು ಕಲಿತದ್ದು ಬಹಳ. ವರ್ಷಗಟ್ಟಲೆ ಒಂದೇ ಪರದೆ ನೋಡುವವರು ಹೆಸರು ಓದುವುದಿಲ್ಲ, ಜಾಗ ನೋಡುತ್ತಾರೆ. ಬಲಗಡೆ ಕೆಳಗೆ ಕೆಂಪಾದರೆ ಅದು ಗೋದಾಮು ಎಂದು ಕಣ್ಣಿಗೆ ಮೊದಲೇ ಗೊತ್ತಿರುತ್ತದೆ. ಕತ್ತಲಲ್ಲಿ ಅಡುಗೆಮನೆಯ ಡಬ್ಬಿ ಹುಡುಕುವ ಕೈಗೆ ಇರುವಂತಹ ಈ ಪರಿಚಯವನ್ನು ಪ್ರತಿ ರಾತ್ರಿ ಅಳಿಸಿಹಾಕುವ ನಕ್ಷೆ, ಎಷ್ಟೇ ಸತ್ಯವಾಗಿದ್ದರೂ, ತುರ್ತಿಗೆ ಒದಗುವುದಿಲ್ಲ.

ಆದ್ದರಿಂದ ಕೆಲಸವನ್ನು ಎರಡಾಗಿ ಹಂಚಿದೆವು. ಚಿಹ್ನೆಗಳ ಜಾಗವನ್ನು ಮನುಷ್ಯರು ನಿರ್ಧರಿಸಿ, ಒಮ್ಮೆ ಇಟ್ಟ ಮೇಲೆ ಕದಲಿಸುವುದಿಲ್ಲ. ಸ್ಕ್ರಿಪ್ಟ್ ಏನನ್ನೂ ಬರೆಯದೆ, ನಕ್ಷೆಯಲ್ಲಿರುವ ಗೆರೆಗಳನ್ನು ಎಲ್‌ಎಲ್‌ಡಿಪಿ ಪಟ್ಟಿಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಮಾತ್ರ ಬೆಳಿಗ್ಗೆ ನಮ್ಮ ಮುಂದಿಡುತ್ತದೆ.

ಮೂರು ಮಜಲು

ಹೊಸ ನಕ್ಷೆಯನ್ನು ಬರೆಯುವ ಮೊದಲು, ರಾತ್ರಿ ಎರಡು ಗಂಟೆಗೆ ಅದನ್ನು ತೆರೆಯುವವನಿಗೆ ಯಾವ ಪ್ರಶ್ನೆಗಳಿರುತ್ತವೆ ಎಂದು ಪಾಳಿಯವರನ್ನೆಲ್ಲ ಕೂರಿಸಿಕೊಂಡು ಕೇಳಿದೆವು. ಎಲ್ಲರೂ ಹೆಚ್ಚು ಕಡಿಮೆ ಒಂದನ್ನೇ ಹೇಳಿದರು: ಎಲ್ಲಿ ಆಗಿದೆ, ಯಾರ ಕೆಲಸ ನಿಂತಿದೆ, ಯಾರನ್ನು ಎಬ್ಬಿಸಬೇಕು. ಸಾಧನ ಯಾವ ಕಂಪನಿಯದು, ಯಾವ ಬಗೆಯದು ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಹಳೆಯ ನಕ್ಷೆ ಉತ್ತರಿಸುತ್ತಿದ್ದದ್ದು ಯಾರೂ ಕೇಳದ ಆ ಪ್ರಶ್ನೆಯನ್ನೇ.

ಮೇಲಿನ ಮಜಲಿನಲ್ಲಿ ಸಾಧನಗಳೇ ಇಲ್ಲ, ಜಾಗಗಳು ಮಾತ್ರ ಇವೆ: ಪ್ರೆಸ್ ಶಾಪ್, ಪೇಂಟ್ ಶಾಪ್, ಅಸೆಂಬ್ಲಿ, ಕಚೇರಿ, ಗೋದಾಮು, ಹೊರಗಿನ ಇಂಟರ್ನೆಟ್. ಪ್ರತಿಯೊಂದೂ ಕೆಳಗಿನ ಒಂದು ನಕ್ಷೆಯ ಚಿಹ್ನೆ. ಕೆಳಗೆ ಏನಾದರೂ ಕೆಟ್ಟರೆ ಅದು ಮೇಲಕ್ಕೆ ಏರಿ ಇಲ್ಲಿ ಕೆಂಪಾಗುತ್ತದೆ. ಕಾರ್ಖಾನೆಯ ನೀಲನಕ್ಷೆಯನ್ನೇ ಹಿನ್ನೆಲೆಗೆ ಹಾಕೋಣವೆಂಬ ಸಲಹೆ ಆಡಳಿತದಿಂದ ಬಂದಿತ್ತು. ನಾನು ಒಪ್ಪಲಿಲ್ಲ. ಮುಂಬಯಿ ಲೋಕಲ್ ಗಾಡಿಯ ಬಾಗಿಲ ಮೇಲೆ ಅಂಟಿಸಿರುವ ನಿಲ್ದಾಣಗಳ ಪಟ್ಟಿ ನೆಟ್ಟಗಿನ ಗೆರೆಯಾಗಿರುತ್ತದೆ. ಹಳಿ ಎಲ್ಲಿ ಬಾಗುತ್ತದೆ ಎಂದು ಪ್ರಯಾಣಿಕ ಕೇಳುವುದಿಲ್ಲ, ಕಲ್ಯಾಣದಲ್ಲಿ ದಾರಿ ಕಸಾರಾ ಕಡೆಗೂ ಕರ್ಜತ್ ಕಡೆಗೂ ಒಡೆಯುತ್ತದೆ ಎಂಬುದಷ್ಟೇ ಅವನಿಗೆ ಬೇಕು. ನೆಟ್‌ವರ್ಕ್‌ನಲ್ಲೂ ದಾರಿ ಎಲ್ಲಿ ಒಡೆಯುತ್ತದೆ ಎಂಬುದೇ ಮುಖ್ಯ. ನೀಲನಕ್ಷೆಯ ಗೋಡೆ, ಕಂಬ, ಮೆಟ್ಟಿಲುಗಳ ನಡುವೆ ಅದು ಮುಳುಗಿಹೋಗುತ್ತದೆ.

ಎರಡನೆಯ ಮಜಲಿನಲ್ಲಿ ಒಂದೊಂದು ಜಾಗದ ಸ್ವಿಚ್‌ಗಳು, ಮತ್ತು ಒಂದು ಕಟ್ಟುನಿಟ್ಟಾದ ನಿಯಮ: ಮೇಲೆ ಎಂದರೆ ಇಡೀ ಜಾಲದ ಕೇಂದ್ರವಾದ ಕೋರ್ ಸ್ವಿಚ್ ಕಡೆಗೆ, ಕೆಳಗೆ ಎಂದರೆ ಯಂತ್ರಗಳ ಕಡೆಗೆ. ಹದಿನಾರು ನಕ್ಷೆಗಳಲ್ಲೂ ಇದು ತಪ್ಪಬಾರದು. ಒಂದು ನಕ್ಷೆಯಲ್ಲಿ 25ಕ್ಕಿಂತ ಹೆಚ್ಚು ಚಿಹ್ನೆಗಳು ಬಂದರೆ ಅದನ್ನು ಒಡೆಯುತ್ತೇವೆ. ಆ ಅಂಕಿಗೆ ಶಾಸ್ತ್ರಾಧಾರವೇನಿಲ್ಲ, ನಮ್ಮ ಪರದೆಯಲ್ಲಿ ಸ್ಕ್ರೋಲ್ ಮಾಡದೆ, ಹೆಸರುಗಳು ಒಂದರ ಮೇಲೊಂದು ಬೀಳದೆ ಹಿಡಿಸುವುದು ಅಷ್ಟೇ. ಕ್ಯಾಮೆರಾ, ಪ್ರಿಂಟರ್‌ಗಳು ಬಿಡಿಬಿಡಿಯಾಗಿ ಕಾಣದೆ, ತಾವು ನೇತಾಡುವ ಸ್ವಿಚ್‌ನ ಕೆಳಗೆ ಒಂದು ಗುಂಪಿನ ಚಿಹ್ನೆಯಾಗಿ ಕೂರುತ್ತವೆ. ಮೂರನೆಯ ಮಜಲು ರ‍್ಯಾಕ್ ಮಟ್ಟದ್ದು, ಕೇಬಲ್ ಹಿಡಿದು ನಿಂತ ತಂತ್ರಜ್ಞನಿಗೆ. ಅದರ ಬಗ್ಗೆ ವಿಶೇಷವಾಗಿ ಹೇಳುವಂಥದ್ದೇನಿಲ್ಲ.

ವಿಲ್ಯಾನ್‌ಗಳನ್ನು (ಒಂದೇ ಕೇಬಲ್ ಜಾಲದೊಳಗೆ ತಾರ್ಕಿಕವಾಗಿ ಬೇರ್ಪಡಿಸಿದ ಜಾಲಗಳನ್ನು) ಅದೇ ನಕ್ಷೆಯಲ್ಲಿ ಬಣ್ಣಬಣ್ಣದ ಗೆರೆಗಳಾಗಿ ತೋರಿಸಲು ಹೊರಟು ಎರಡು ದಿನ ಕಳೆದೆವು. ಹೊರಗಿನಿಂದ ಬಂದವರಿಗೆ ಅದು ಚೆಂದವಾಗಿ ಕಾಣುತ್ತಿತ್ತು, ಆದರೆ ಗೆರೆಯ ಬಣ್ಣ ಆರೋಗ್ಯವನ್ನು ಹೇಳುತ್ತಿದೆಯೋ ವಿಲ್ಯಾನನ್ನೋ ಎಂದು ಪಾಳಿಯವರಿಗೆ ತಿಳಿಯದಾಯಿತು. ತಾರ್ಕಿಕ ಜಾಲಕ್ಕೆ ಈಗ ಬೇರೆಯೇ ನಕ್ಷೆಯಿದೆ, ಅದು ಯೋಜನೆ ಮಾಡುವವರಿಗೆ ಮಾತ್ರ.

ಹೆಸರುಗಳ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಚಿಹ್ನೆಯ ಕೆಳಗಿನ ಹೆಸರನ್ನು ಕೈಯಿಂದ ಟೈಪ್ ಮಾಡಬಾರದು. ಮ್ಯಾಕ್ರೋ (ಮಾಹಿತಿಯನ್ನು ತಾನಾಗಿಯೇ ತುಂಬಿಸುವ ಗುರುತು) ಬಳಸಿ ಸಾಧನದ ದಾಖಲೆಯಿಂದಲೇ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಸ್ವಿಚ್ ಬದಲಾದರೂ ಹೆಸರು ಹಾಗೆಯೇ ಉಳಿಯುತ್ತದೆ. ಆದರೆ ಜಾಗದ ಹೆಸರು ಮಾತ್ರ ಕೆಲಸಗಾರರ ಬಾಯಲ್ಲಿರುವುದೇ ಆಗಿರಲಿ. ಕಡತದಲ್ಲಿ 'ಬ್ಲಾಕ್ ಡಿ' ಎಂದಿರುವುದನ್ನು ಕಾರ್ಖಾನೆಯಲ್ಲಿ ಎಲ್ಲರೂ ಮರಾಠಿಯಲ್ಲಿ 'ಜುನಾ ಶೆಡ್' (ಹಳೆಯ ಶೆಡ್) ಎನ್ನುತ್ತಾರೆ, ಫೋನಿನಲ್ಲಿ ದೂರು ಬರುವುದೂ ಹಾಗೆಯೇ. ನಕ್ಷೆಯಲ್ಲಿ ಎರಡನ್ನೂ ಬರೆದಿದ್ದೇವೆ, 'ಜುನಾ ಶೆಡ್' ಮೊದಲು.

ಗೆರೆಗೆ ಸಾಕ್ಷಿ

ಗೆರೆಗಳ ಬಗ್ಗೆ ನಾವು ತಂದ ನಿಯಮ ಒಂದೇ: ಅಳತೆಯ ಆಧಾರವಿರುವ ಗೆರೆಯನ್ನು ಮಾತ್ರ ತುಂಬುಗೆರೆಯಾಗಿ ಎಳೆಯಬೇಕು. ಟ್ರಿಗ್ಗರ್ ಇಲ್ಲದ ಗೆರೆ ಬೂದು ಬಣ್ಣದ ತುಂಡುಗೆರೆಯಾಗಿರಬೇಕು, ಅದು ಹಸಿರಾಗುವಂತಿಲ್ಲ. 'ಚೆನ್ನಾಗಿದೆ' ಎಂಬುದಕ್ಕೂ 'ಗೊತ್ತಿಲ್ಲ' ಎಂಬುದಕ್ಕೂ ಪರದೆಯ ಮೇಲೆ ಒಂದೇ ಬಣ್ಣ ಇದ್ದದ್ದೇ ಆ ರಾತ್ರಿಯ ಅನರ್ಥಕ್ಕೆ ಮೂಲ ಎಂದು ನಾನು ಈಗಲೂ ನಂಬಿದ್ದೇನೆ.

ತುಂಬುಗೆರೆಗೆ ಎರಡು ಸಾಕ್ಷಿಗಳು ಬೇಕು. ಒಂದು ಪೋರ್ಟ್‌ನ ಸ್ಥಿತಿ, ಇನ್ನೊಂದು ಎಲ್‌ಎಲ್‌ಡಿಪಿಯ ನೆರೆಹೊರೆ. ನಮ್ಮ ಕನ್ವರ್ಟರ್‌ಗಳು ಎಲ್‌ಎಲ್‌ಡಿಪಿ ಸಂದೇಶವನ್ನು ಹಾಗೆಯೇ ಆಚೆಗೆ ದಾಟಿಸುತ್ತಿದ್ದವು; ಆದ್ದರಿಂದ ಫೈಬರ್ ತುಂಡಾದ ಎರಡು ನಿಮಿಷಕ್ಕೆ, ಪೋರ್ಟ್ ಎದ್ದೇ ಇದ್ದರೂ, ಮುಖ್ಯ ಕಟ್ಟಡದ ಸ್ವಿಚ್ ಪೇಂಟ್ ಶಾಪ್ ಸ್ವಿಚ್‌ನ ಹೆಸರನ್ನು ಮರೆತಿತ್ತು. ನಿಜವಾದ ಸುದ್ದಿ ಅಲ್ಲಿತ್ತು, ಅದನ್ನು ಕೇಳುವವರಿರಲಿಲ್ಲ.

ಇದನ್ನು ಜೋಡಿಸುವಾಗ ಎದುರಾದ ಒಂದು ತೊಡಕನ್ನು ಇದೇ ಕೆಲಸಕ್ಕೆ ಕೈಹಾಕುವವರಿಗಾಗಿ ದಾಖಲಿಸುತ್ತೇನೆ. ಎಲ್‌ಎಲ್‌ಡಿಪಿಯ ನೆರೆಹೊರೆ ಪಟ್ಟಿಯ ಸೂಚಿಯಲ್ಲಿ ಸಮಯದ ಒಂದು ಗುರುತೂ ಸೇರಿರುತ್ತದೆ. ನೆರೆಯ ಸಾಧನವನ್ನು ಹೊಸದಾಗಿ ಕಲಿತಾಗ ಆ ಗುರುತು ಬದಲಾಗಿ, ನಾವು ಕೇಳುತ್ತಿದ್ದ ವಿಳಾಸವೇ ಇಲ್ಲವಾಗುತ್ತದೆ. ಜೊತೆಗೆ ಆ ಪಟ್ಟಿಯ ಪೋರ್ಟ್ ಸಂಖ್ಯೆ ಇಂಟರ್‌ಫೇಸ್ ಪಟ್ಟಿಯ ಸಂಖ್ಯೆಗೆ ಹೊಂದಲೇಬೇಕೆಂದೇನೂ ಇಲ್ಲ. ಹಾಗಾಗಿ ಪಟ್ಟಿಯನ್ನು ಇಡಿಯಾಗಿ ಓದಿ, ಪೋರ್ಟ್‌ನ ಹೆಸರಿಗೆ ಎದುರಾಗಿ ನೆರೆಯ ಹೆಸರನ್ನು ಬರೆದು, ಆ ಬರಹ ಬದಲಾದಾಗ ಎಚ್ಚರಿಸುವ ಚಿಕ್ಕ ಸ್ಕ್ರಿಪ್ಟ್ ಬೇಕಾಯಿತು.

31 ಕೆಂಪು ಚುಕ್ಕೆಗಳನ್ನು ಒಂದಾಗಿಸಿದ್ದು ಟ್ರಿಗ್ಗರ್‌ಗಳ ಅವಲಂಬನೆ. ಕ್ಯಾಮೆರಾದ ಎಚ್ಚರಿಕೆ ಅದರ ಸ್ವಿಚ್‌ನ ಮೇಲೆ, ಸ್ವಿಚ್‌ನದು ಮೇಲಿನ ಸಂಪರ್ಕದ ಮೇಲೆ ಅವಲಂಬಿಸಿದ್ದರೆ, ಸಂಪರ್ಕ ಬಿದ್ದಾಗ ಕೆಳಗಿನವು ಸುಮ್ಮನಿರುತ್ತವೆ. ಇಲ್ಲಿ ಸಮಯದ ಹೊಂದಾಣಿಕೆ ಮುಖ್ಯ. ಕ್ಯಾಮೆರಾವನ್ನು ನಿಮಿಷಕ್ಕೊಮ್ಮೆಯೂ ಸಂಪರ್ಕವನ್ನು ಐದು ನಿಮಿಷಕ್ಕೊಮ್ಮೆಯೂ ಪರೀಕ್ಷಿಸಿದರೆ, ಮೇಲಿನದು ಬಿದ್ದ ಸುದ್ದಿ ತಲುಪುವ ಮೊದಲೇ ಕೆಳಗಿನವೆಲ್ಲ ಕೂಗಿ ಮುಗಿಸಿರುತ್ತವೆ. ನಾವು ಸಂಪರ್ಕಗಳನ್ನು 30 ಸೆಕೆಂಡಿಗೊಮ್ಮೆ ಕೇಳುತ್ತೇವೆ, ತುದಿಯ ಸಾಧನ ಐದು ನಿಮಿಷ ಉತ್ತರಿಸದಿದ್ದರೆ ಮಾತ್ರ ಕೆಟ್ಟಿದೆ ಎನ್ನುತ್ತೇವೆ.

ಇಷ್ಟೆಲ್ಲ ಆದರೂ ಕನ್ವರ್ಟರ್‌ನಂತಹ ಪೆಟ್ಟಿಗೆಗಳು, ಮೇಜಿನ ಕೆಳಗೆ ಯಾರೋ ಸಿಕ್ಕಿಸಿದ ಅಗ್ಗದ ಸ್ವಿಚ್‌ಗಳು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಅವುಗಳಿಗೆ ವಿಳಾಸವಿಲ್ಲ, ಅವು ಯಾರಿಗೂ ಉತ್ತರಿಸುವುದಿಲ್ಲ. ಅವನ್ನು ಕಂಡುಹಿಡಿಯಲು ನಡೆದೇ ಹೋಗಬೇಕು. ತಿಂಗಳಿಗೆ ಎರಡು ರ‍್ಯಾಕ್‌ಗಳನ್ನು ತೆರೆದು, ಫೋಟೋ ತೆಗೆದು, ನಕ್ಷೆಯೊಂದಿಗೆ ಹೋಲಿಸುವುದನ್ನು ಪಾಳಿಯ ಕೆಲಸದಲ್ಲಿ ಸೇರಿಸಿದ್ದೇವೆ. ಮೊದಲ ಮೂರು ತಿಂಗಳಲ್ಲಿ ಹೀಗೆ ಇನ್ನೂ ನಾಲ್ಕು ಜೋಡಿ ಕನ್ವರ್ಟರ್‌ಗಳು ಸಿಕ್ಕವು, ದೋಷ ದಾಟಿಸುವ ಸ್ವಿಚ್ ನಾಲ್ಕರಲ್ಲೂ ಆಫ್ ಆಗಿತ್ತು. ಎಲ್ಲವನ್ನೂ ಆನ್ ಮಾಡಿ, ಫೈಬರ್ ಕಿತ್ತು ಪರೀಕ್ಷಿಸಿ, ನಕ್ಷೆಯಲ್ಲಿ ಚಿತ್ರವಾಗಿ ಸೇರಿಸಿದೆವು. ಪ್ರತಿ ನಕ್ಷೆಗೂ ಈಗ ಒಬ್ಬ ಒಡೆಯನಿದ್ದಾನೆ, ಬದಲಿಸುವ ಅಧಿಕಾರ ಅವನಿಗೆ ಮಾತ್ರ, ಉಳಿದವರಿಗೆ ನೋಡುವ ಅಧಿಕಾರ. ಕೇಬಲ್ ಬದಲಿಸಿದ ಕೆಲಸದ ಚೀಟಿ, ನಕ್ಷೆ ತಿದ್ದಿದ ನಂತರವೇ ಮುಚ್ಚುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಅದೇ ಚರಂಡಿಯ ಕೆಲಸ ಮುಂದುವರಿದು, ಅಗೆಯುವ ಯಂತ್ರಕ್ಕೆ ಸಿಕ್ಕಿ ಅದೇ ಫೈಬರ್ ಮತ್ತೊಮ್ಮೆ ತುಂಡಾಯಿತು. ರಾತ್ರಿ 11 ಗಂಟೆ 8 ನಿಮಿಷಕ್ಕೆ ಮೇಲಿನ ನಕ್ಷೆಯಲ್ಲಿ ಪೇಂಟ್ ಶಾಪ್‌ಗೆ ಹೋಗುವ ಒಂದು ಗೆರೆ ಕೆಂಪಾಯಿತು, ಬೇರೇನೂ ಕೆಂಪಾಗಲಿಲ್ಲ. ಪಾಳಿಯಲ್ಲಿ ಮತ್ತೆ ಅದೇ ಇಂಡಿ ಕಡೆಯ ಹುಡುಗನಿದ್ದ. ಅವನು 11 ಗಂಟೆ 15ಕ್ಕೆ ಫೈಬರ್ ಜೋಡಿಸುವ ಗುತ್ತಿಗೆದಾರನನ್ನು ಎಬ್ಬಿಸಿ, ಆಮೇಲೆ ನನಗೆ ತಿಳಿಸಿದ. ಬದಲಿ ದಾರಿಗೆ ಹೊಸ ಫೈಬರ್ ಎಳೆಯುವ ಪ್ರಸ್ತಾವ ಆಡಳಿತದ ಮುಂದಿದೆ, ಅಲ್ಲಿಯವರೆಗೆ ಆ ಜಾಗದಲ್ಲಿ ಯಾವ ಗೆರೆಯೂ ಇರುವುದಿಲ್ಲ. ಗೋದಾಮಿಗೆ ಹೋಗುವ ಸಂಪರ್ಕದ ನಡುವಿನ ಸಾಧನಗಳು ಬೇರೊಬ್ಬರ ಸ್ವಾಧೀನದಲ್ಲಿರುವುದರಿಂದ, ನಕ್ಷೆಯ ಬಲಗಡೆ ಕೆಳಗೆ ಒಂದು ಬೂದು ತುಂಡುಗೆರೆ ಹಾಗೆಯೇ ಉಳಿದಿದೆ.